ಸೈಡ್ ಭಾಯಿ ಮತ್ತು ಕೆಸರಿನ ಗೂಡುಗಳು

ಕುವೈತ್
ಏಪ್ರಿಲ್ ೨೬, ೨೦೨೪, ಶುಕ್ರವಾರ

ಪ್ರೀತಿಯ ಅನಂತರಾಮು,

ನಿನಗೂ ಅತ್ತಿಗೆಯವರಿಗೂ ಈ ಮಥಾಯಸನ ನಮಸ್ಕಾರ. ನಿನ್ನ ಮಂಡಿನೋವು ಹೇಗಿದೆ? ಯುಗಾದಿಗೆ ನೀನು ಫೋನಿನಲ್ಲಿ ಕಳಿಸಿದ ಶುಭಾಶಯಕ್ಕೆ ಉತ್ತರ ಬರಲಿಲ್ಲವೆಂದು ಸಿಟ್ಟು ಬಂದಿರಬೇಕು. ಬೈಯಿ, ಆದರೆ ಸ್ವಲ್ಪವೇ ಬೈಯಿ. ಫೋನು ಈಗ ನನ್ನ ಹತ್ತಿರ ಇಲ್ಲ. ಒಳಗೆ ಬಿಡುವಾಗ ಬೆಲ್ಟು, ಶೂ ಲೇಸು, ಫೋನು, ಕೊರಳಿನ ಶಿಲುಬೆ ಎಲ್ಲ ತೆಗೆಸಿ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡರು. ಒಳಗೆ ಅಂದರೆ ಎಲ್ಲಿ ಎಂದು ಕೇಳುತ್ತೀಯಲ್ಲ? ಊರಿಗೆ ವಾಪಸು ಅಟ್ಟುವವರನ್ನು ವಿಮಾನ ಸಿಗುವ ತನಕ ಕೂಡಿಡುವ ಜಾಗ. ಹೆದರಬೇಡ, ಹೊಡೆದಿಲ್ಲ ಬಡಿದಿಲ್ಲ. ಹೊತ್ತುಹೊತ್ತಿಗೆ ಅನ್ನ ಕೊಡುತ್ತಾರೆ, ಅದಕ್ಕೆ ಉಪ್ಪು ಹಾಕಲು ಮಾತ್ರ ಯಾರಿಗೂ ನೆನಪಿರುವುದಿಲ್ಲ.

ಈ ಕಾಗದ, ಪೆನ್ನು ಇಬ್ರಾಹಿಂ ಖಲೀಲ್ ತಂದುಕೊಟ್ಟದ್ದು. ಉಳ್ಳಾಲದ ಬ್ಯಾರಿ. ಸಬ್ಹಾನ್‌ನಲ್ಲಿ ನಾನು ಸ್ಟೋರ್ ಕೀಪರ್ ಆಗಿದ್ದ ಗೋದಾಮಿನಲ್ಲೇ ಲಾರಿ ಓಡಿಸುತ್ತಾನೆ. ಶುಕ್ರವಾರದ ರಜೆಗೆ ನನ್ನ ಜೊತೆ ಗಾಳ ಹಾಕಲು ಬರುವವನು ಅವನೇ. ಬರುವ ವಾರ ಅವನು ಊರಿಗೆ ಹೊರಟಿದ್ದಾನೆ, ಇದನ್ನು ನಿನ್ನ ಕೈಗೇ ಮುಟ್ಟಿಸುತ್ತಾನೆ. ಅವನಿಗೆ ಒಂದು ಲೋಟ ಬೆಲ್ಲದ ಕಾಫಿ ಕೊಡು. ನಾನು ಹೊರಡುವುದು ಯಾವಾಗ ಎಂದು ಯಾರೂ ಹೇಳುವುದಿಲ್ಲ. ಹೋದ ಮೇಲೆ ಮತ್ತೆ ಈ ದೇಶಕ್ಕೆ ಕಾಲಿಡುವ ಹಾಗಿಲ್ಲ, ಅದೊಂದನ್ನು ಮಾತ್ರ ಸ್ಪಷ್ಟವಾಗಿ ಹೇಳಿದ್ದಾರೆ. ಹತ್ತೂ ಬೆರಳಿನ ಗುರುತು ತೆಗೆದುಕೊಂಡಾಗಿದೆ.

ಏನಾಯಿತು ಎಂದು ಮೊದಲಿನಿಂದಲೇ ಹೇಳಬೇಕು. ನಡುವಿನಿಂದ ಕಥೆ ಶುರು ಮಾಡಿದರೆ ನನಗೆ ನಾಲಿಗೆ ಹೊರಳುವುದಿಲ್ಲ. ನಮ್ಮಜ್ಜಿ ಮಗ್ದಲೀನ್ ಬಾಯಿ ಕಥೆ ಹೇಳುವಾಗ ನಾವು "ಹೂಂ" ಅನ್ನದಿದ್ದರೆ ಅಲ್ಲಿಗೇ ನಿಲ್ಲಿಸಿ ಎಲೆ ಅಡಿಕೆ ಹಾಕಲು ಕೂರುತ್ತಿದ್ದಳಲ್ಲ, ನೀನೂ ಅಲ್ಲಲ್ಲಿ ಹೂಂ ಅನ್ನು.

ಇಲ್ಲಿ ಸುಲೈಬಿಖಾತ್ ಕಡೆ ಸಮುದ್ರ ಅಂದರೆ ಅಲೆ ಹೊಡೆಯುವ ಸಮುದ್ರ ಅಲ್ಲ. ಇಳಿತದ ಹೊತ್ತಿಗೆ ನೀರು ಕಣ್ಣಿಗೆ ಕಾಣದಷ್ಟು ದೂರ ಹಿಂದೆ ಸರಿದು ಬರೀ ಕೆಸರು ಉಳಿಯುತ್ತದೆ. ಆ ಕೆಸರನ್ನು ಸೀಳಿಕೊಂಡು ಒಂದು ತೋಡು ಇದೆ. ಅದರ ಇಕ್ಕೆಲದಲ್ಲಿ ಒಂದು ಜಾತಿಯ ಮೀನು. ಇಲ್ಲಿಯವರು ಬೂಶಲಂಬೋ ಎನ್ನುತ್ತಾರೆ. ನೆತ್ತಿಯ ಮೇಲೆ ಕಣ್ಣು, ಕಪ್ಪೆಯ ಹಾಗೆ ಕೆಸರಿನ ಮೇಲೆ ಕುಪ್ಪಳಿಸುತ್ತದೆ. ತಿನ್ನಲು ಯಾರಿಗೂ ಬೇಡದ ಮೀನು. ಆದರೆ ಅದರ ಸಂಸಾರ ನೋಡಬೇಕು ಮಾರಾಯ! ಒಂದೊಂದು ಮೀನೂ ತನ್ನ ಜಾಗದ ಸುತ್ತ ಬಾಯಿಂದಲೇ ಕೆಸರು ತಂದು ತಂದು ಗದ್ದೆಯ ಬದುವಿನ ಹಾಗೆ ಹುಣಿ ಕಟ್ಟುತ್ತದೆ. ಮೇಲಿನಿಂದ ನೋಡಿದರೆ ಹೊಳೆ ನಡುವಿನ ನಮ್ಮ ಕುದ್ರುವಿನ ಗದ್ದೆಗಳನ್ನು ಯಾರೋ ಅಂಗೈಯಷ್ಟಗಲಕ್ಕೆ ಕುಗ್ಗಿಸಿ ಹಾಸಿದ ಹಾಗೆ. ನಡುವೆ ಒಂದು ಬಿಲ, ಬಿಲದ ಒಳಗೆ ಮೊಟ್ಟೆ. ಕೆಸರಿನ ಒಳಗೆ ಗಾಳಿ ಇಲ್ಲವಲ್ಲ, ಅದಕ್ಕೆ ಗಂಡುಮೀನು ಮೇಲೆ ಬಂದು ಬಾಯಿ ತುಂಬ ಗಾಳಿ ನುಂಗಿ, ಕೆಳಗೆ ಹೋಗಿ ಮೊಟ್ಟೆಗಳ ಹತ್ತಿರ ಬಿಟ್ಟುಬರುತ್ತದೆ. ಮತ್ತೆ ಮೇಲೆ, ಮತ್ತೆ ಕೆಳಗೆ. ಇದು ನಾನು ಕಟ್ಟಿದ ಕಥೆಯಲ್ಲ. ಯೂನಿವರ್ಸಿಟಿಯ ಒಬ್ಬಳು ಕುವೈತಿ ಹುಡುಗಿ ಗಂಬೂಟು ಹಾಕಿಕೊಂಡು ಬಂದು ಅಳತೆ ಮಾಡುತ್ತಿದ್ದಳು, ಅವಳೇ ವಿವರಿಸಿದ್ದು. ನಮ್ಮ ಕ್ಲಿಫರ್ಡ್ ಆಗ ಸಣ್ಣವನು. ಕಲ್ಲುದಂಡೆಯ ಮೇಲೆ ಬೋರಲು ಮಲಗಿ ನೋಡಿ, "ಡ್ಯಾಡಾ, ವೈ ಈಸ್ ಹಿ ಈಟಿಂಗ್ ಏರ್?" ಎಂದು ಕೇಳಿದ್ದ. ಇಲ್ಲೇ ಹುಟ್ಟಿದ ಮಗು, ಕೊಂಕಣಿ, ಕನ್ನಡ ಎರಡೂ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ.

ನಾವು ಕಲ್ಲುದಂಡೆಯ ಮೇಲೆ ಕುಳಿತೇ ಗಾಳ ಹಾಕುತ್ತಿದ್ದೆವು, ಕೆಸರಿಗೆ ಇಳಿಯುತ್ತಿರಲಿಲ್ಲ. ಆದರೆ ಎಲ್ಲರೂ ಹಾಗಲ್ಲವಲ್ಲ. ಮಾರ್ಚ್ ಕಳೆದು ಗೂಡಿನ ಕಾಲ ಬಂತೆಂದರೆ ರಜೆಯ ದಿನ ಜನವೂ ಬರುತ್ತದೆ. ಒಳ್ಳೆಯ ಮೀನು ಬೇಕೆಂದು ತೋಡಿನ ಬಾಯಿಯವರೆಗೆ ಕೆಸರಿನಲ್ಲೇ ನಡೆಯುತ್ತಾರೆ. ಒಂದು ಹೆಜ್ಜೆಗೆ ಒಂದು ಗದ್ದೆ ಹೋಯಿತು. ಆದ್ದರಿಂದ ನಾನು ಮಜ್ಜಿಗೆಯ ಖಾಲಿ ಬಾಟಲಿಗಳನ್ನು ಕೋಲಿಗೆ ಸಿಕ್ಕಿಸಿ ಗೂಡುಗಳ ಅಂಚಿಗೆ ನೆಟ್ಟೆ. ಯಾರಾದರೂ ಅತ್ತ ಬಂದರೆ ದಂಡೆಯಿಂದಲೇ ಕೂಗುತ್ತಿದ್ದೆ, "ಸೈಡ್! ಸೈಡ್!" ಗೋದಾಮಿನಲ್ಲಿ ಸಾಮಾನಿನ ಗಾಡಿ ಬರುವಾಗ ನಾವು ಕೂಗುವ ಶಬ್ದ ಅದು. ಬಂಗಾಳಿ, ನೇಪಾಳಿ, ಈಜಿಪ್ಟಿನ ಮಿಸ್ರಿ, ಎಲ್ಲರಿಗೂ ತಿಳಿಯುತ್ತದೆ.

ಖಲೀಲ್ ನಗುತ್ತಿದ್ದ. "ಎಂತ ಮಾರಾಯ್ರೆ ಮಥಾಯಸಣ್ಣ, ಮೀನು ಹಿಡಿಯಲಿಕ್ಕೆ ಬಂದದ್ದಾ, ಮೀನಿಗೆ ವಾಚ್‌ಮನ್ ಆಗಲಿಕ್ಕೆ ಬಂದದ್ದಾ?"

"ಎರಡೂ" ಎನ್ನುತ್ತಿದ್ದೆ ನಾನು.

"ಹಾಗಾದರೆ ಆ ಮೀನಿನ ಹತ್ತಿರ ಇಕಾಮಾ ಉಂಟಾ ಕೇಳಿ. ಇಲ್ಲದಿದ್ದರೆ ಅದನ್ನೂ ಊರಿಗೆ ಕಳಿಸ್ತಾರೆ!"

ಇಕಾಮಾ ಅಂದರೆ ಈ ದೇಶದಲ್ಲಿ ಇರಲು ಕೊಡುವ ಪರವಾನಗಿ. ಸೈಡ್ ಸೈಡ್ ಎಂದು ಕೂಗಿ ಕೂಗಿ ನನಗೆ ಸೈಡ್ ಭಾಯಿ ಎಂದು ಹೆಸರು ಬಿತ್ತು. ಇಷ್ಟೆಲ್ಲ ಯಾಕೆ ಮಾಡಿದೆ ಎಂದರೆ ನಿನ್ನ ಅಪ್ಪಯ್ಯನನ್ನು ಕೇಳಬೇಕಿತ್ತು. ಮೊದಲ ಮಳೆಗೆ ಹತ್ತುಮೀನು ಹೊಳೆ ಬಿಟ್ಟು ಗದ್ದೆಗೆ ಏರುವಾಗ ಅವರು ತೋಡಿಗೆ ಅಡ್ಡ ನಿಂತು, "ಬಸುರಿ ಮೀನು ಮಾರಾಯ್ರೆ, ಇವತ್ತೊಂದು ದಿನ ಹೋಗಲಿ ಬಿಡಿ" ಎಂದು ಕೈಮುಗಿಯುತ್ತಿದ್ದರು. ಮೀನು ಮುಟ್ಟದ ಭಟ್ಟರಿಗೆ ಇದೆಂಥ ಸಂಕಟ ಎಂದು ನಾವು ಕತ್ತಿ, ಬುಟ್ಟಿ ಹಿಡಿದುಕೊಂಡು ನಗುತ್ತಿದ್ದೆವು. ಅವರು ನಿಂತಷ್ಟು ಹೊತ್ತು ಮೀನು ಏರುತ್ತಿತ್ತು. ಅವರು ಸಂಧ್ಯಾವಂದನೆಗೆ ಹೋದ ಕೂಡಲೇ ಮುಗಿಯಿತು.

ಇಲ್ಲೂ ಹಾಗೆಯೇ. ವರ್ಷ ವರ್ಷಕ್ಕೂ ಗೂಡು ಕಡಿಮೆಯಾಗುತ್ತಲೇ ಬಂದಿದೆ. ನನ್ನ ಬಾಟಲಿಗಳನ್ನು ಮಕ್ಕಳು ಕಲ್ಲು ಹೊಡೆಯಲು ಗುರಿ ಮಾಡಿಕೊಂಡರು. ಆ ಯೂನಿವರ್ಸಿಟಿ ಹುಡುಗಿಯೂ ಈಗ ಬರುವುದಿಲ್ಲ. ತೋಡಿನ ಒಂದು ದಡಕ್ಕೆ ಕಟ್ಟಡ ಒಡೆದ ಮಣ್ಣು ಸುರಿದಿದ್ದಾರೆ. ಈ ಸಲ ಉಳಿದಿದ್ದದ್ದು ತೋಡಿನ ಬಾಯಿಯ ಹತ್ತಿರ ಒಂದು ಸಣ್ಣ ತುಂಡು, ನಿನ್ನ ಮನೆಯ ಅಂಗಳದಷ್ಟು. ಅದಾದರೂ ಉಳಿಯಲಿ ಎಂದು ನನ್ನ ಹಟ.

ಈಗ ಹೂಂ ಅನ್ನು, ಆ ದಿನದ ಕಥೆಗೆ ಬಂದೆ.

ಶುಕ್ರವಾರ. ಇಗರ್ಜಿಯ ಪೂಜೆ ಮುಗಿಸಿ ನನ್ನವಳು ಬೆಟ್ಟಿ ಮನೆಗೆ ಹೋದಳು, ಖಲೀಲ್ ಜುಮಾ ನಮಾಜಿಗೆ ಹೋದ. ನಾನೊಬ್ಬನೇ ತೋಡಿಗೆ ಬಂದೆ. ನೋಡುತ್ತೇನೆ, ತೋಡಿನ ಬಾಯಿಗೆ ಅಡ್ಡಲಾಗಿ ಬಲೆ! ಇಲ್ಲಿ ಗಾಳಕ್ಕೆ ತಕರಾರಿಲ್ಲ, ಬಲೆ ಹಾಕುವುದು ಮಾತ್ರ ದೊಡ್ಡ ಅಪರಾಧ, ಹೊರದೇಶದವನಾದರೆ ಊರಿಗೇ ಅಟ್ಟುತ್ತಾರೆ. ಕಂಬಿ ಹೊಡೆದದ್ದು ಸರಿಯಾಗಿ ಗೂಡುಗಳ ನಡುವೆ. ಕೆಳಗಿನ ಸೀಸದ ಗುಂಡುಗಳು ಹುಣಿಗಳ ಮೇಲೆ ಬಿದ್ದು ಗದ್ದೆಗಳು ಕಲಸಿಹೋಗಿದ್ದವು. ಒಂದು ಗಂಡುಮೀನು ಬಾಯಿ ಉಬ್ಬಿಸಿಕೊಂಡು ಬಿಲ ಹುಡುಕುತ್ತಿತ್ತು. ಗಾಳಿ ಬಾಯಲ್ಲಿದೆ, ಬಿಲ ಇಲ್ಲ. ನನಗೆ ತಡೆಯಲಿಲ್ಲ. ಪ್ಯಾಂಟು ಮಡಚಿ ಕೆಸರಿಗೆ ಇಳಿದೆ. ಮೊಣಕಾಲಿನ ತನಕ ಹೂತುಕೊಂಡು ಬಲೆ ಬಿಚ್ಚುತ್ತಿದ್ದೆ.

ಅಷ್ಟರಲ್ಲಿ ಗಸ್ತಿನ ಜೀಪು ಬಂತು. ಒಬ್ಬ ಯುವಕ ಅಧಿಕಾರಿ ದಂಡೆಯಿಂದ ಕೈ ತೋರಿಸಿ ಕೂಗಿದ, "ಸೈದ್?"

ನನ್ನ ಕಿವಿಗೆ ಅದು ಸೈಡ್ ಎಂದೇ ಬಿತ್ತು! ಓಹೋ, ನನ್ನ ಕೆಲಸ ಸರಕಾರದವರೆಗೂ ಮುಟ್ಟಿದೆ, ಕರೆದು ಶಹಬ್ಬಾಸ್ ಅನ್ನುತ್ತಾರೆ ಎಂದು ಹಿಗ್ಗಿಬಿಟ್ಟೆ. ಮೀನು ಸಿಕ್ಕಿಕೊಂಡ ಬಲೆಯನ್ನು ಎರಡೂ ಕೈಯಲ್ಲಿ ಎತ್ತಿಹಿಡಿದು ನನ್ನ ಹರುಕು ಅರಬಿಯಲ್ಲಿ ಕೂಗಿದೆ, "ಐವಾ, ಐವಾ! ಅನಾ ಸೈಡ್! ಕುಲ್ಲು ಯೋಮ್ ಸೈಡ್!" ಹೌದು ಹೌದು, ನಾನೇ ಸೈಡ್, ದಿನಾಲೂ ಸೈಡ್ ಎಂದು ಅರ್ಥ. ಆದರೆ ಅರಬಿಯಲ್ಲಿ ಸೈದ್ ಅಂದರೆ ಮೀನು ಬೇಟೆ. ಗೂಡಿನ ಕಾಲದಲ್ಲಿ, ನಿಷೇಧದ ಜಾಗದಲ್ಲಿ, ಬಲೆ ಹಿಡಿದುಕೊಂಡು, "ದಿನಾಲೂ ನನ್ನದು ಇದೇ ಬೇಟೆ" ಎಂದು ನಗುನಗುತ್ತಾ ಒಪ್ಪಿಕೊಂಡ ಕಳ್ಳ ಅವರಿಗೆ ಹಿಂದೆ ಸಿಕ್ಕಿರಲಿಕ್ಕಿಲ್ಲ!

ಇಲ್ಲಿ ಹಾಲ್‌ನಲ್ಲಿ ಈ ಕಥೆಗೆ ಬಹಳ ಬೇಡಿಕೆ. ಹೊಸಬರು ಬಂದ ಕೂಡಲೇ ಹಳಬರು, "ಸೈಡ್ ಭಾಯಿ, ಚಲೋ, ವೋ ಕಹಾನಿ ಸುನಾವೋ" ಎನ್ನುತ್ತಾರೆ. ನಾನು ಕೈ ಎತ್ತಿ ತೋರಿಸಿದಾಗ ಅಳುತ್ತಿದ್ದವರೂ ನಗುತ್ತಾರೆ. ನೀನೂ ನಕ್ಕಿದ್ದೀ ಎಂದುಕೊಳ್ಳುತ್ತೇನೆ.

ನಗದೇ ಇರುವ ಭಾಗವನ್ನು ಹಾಲ್‌ನಲ್ಲಿ ಹೇಳುವುದಿಲ್ಲ. ಬಲೆ ಸಾಕ್ಷಿ ಅಲ್ಲವೇ, ಅದನ್ನು ತೆಗೆಯಬೇಕಿತ್ತು. ಹಗ್ಗ ಕಟ್ಟಿ ಜೀಪಿನಿಂದ ಎಳೆದರು. ಸೀಸದ ಗುಂಡು, ಕಂಬಿ ಎಲ್ಲ ಕೆಸರನ್ನು ಗೀರಿಕೊಂಡು ದಂಡೆಗೆ ಬಂದವು. ಅಂಗಳದಷ್ಟು ಉಳಿದಿತ್ತು ಎಂದೆನಲ್ಲ, ಅದು ಸಪಾಟಾಯಿತು. ನಾನು "ಸೈಡ್, ಸೈಡ್" ಎಂದು ಕೂಗಿದೆ. ಅವರು ತಮ್ಮತಮ್ಮೊಳಗೆ ನಕ್ಕರು. ಮೊನ್ನೆ ಖಲೀಲ್ ಹೋಗಿ ನೋಡಿ ಬಂದ. "ಮಥಾಯಸಣ್ಣ, ಸುಳ್ಳು ಹೇಳಲಿಕ್ಕೆ ನನಗೆ ಬಾಯಿ ಬರೂದಿಲ್ಲ. ಅಲ್ಲಿ ಎಂತದೂ ಇಲ್ಲ" ಎಂದ.

ನನ್ನ ವಿಷಯದಲ್ಲೂ ಎಂತದೂ ಇಲ್ಲ. ನನ್ನ ವೀಸಾದ ಧಣಿ ಕಫೀಲನ ಹತ್ತಿರ ಖಲೀಲ್ ಹೋಗಿ ಬೇಡಿಕೊಂಡದ್ದಕ್ಕೆ ಅವನು ಒಂದೇ ಶಬ್ದ ಹೇಳಿದನಂತೆ, "ಖಲಾಸ್." ಬೆಟ್ಟಿ ಒಂದು ಸಲ ಬಂದಿದ್ದಳು. ನಡುವೆ ಗಾಜು. ಅವಳು ಕೊಂಕಣಿಯಲ್ಲಿ ಹೇಳಿದ್ದನ್ನು ನಿನಗಾಗಿ ಕನ್ನಡದಲ್ಲಿ ಬರೆಯುತ್ತೇನೆ.

"ಇಷ್ಟು ವರ್ಷ ಮೀನು ಮಾರ್ಕೆಟಿಗೆ ಹೋದವರು ನೀವು. ಆ ಶಬ್ದ ನಿಮಗೆ ಗೊತ್ತಿಲ್ಲವಾ?"

"ಗಾಳಿಗೆ ಸರಿಯಾಗಿ ಕೇಳಿಸಲಿಲ್ಲ" ಎಂದೆ.

"ಯಾರಿಗೂ ಬೇಡದ ಮೀನಿಗಾಗಿ ನಮ್ಮನ್ನು ಬಿಟ್ಟು ಹೋಗುತ್ತಿದ್ದೀರಿ" ಎಂದಳು. ಅವಳು ನನ್ನ ಜೊತೆ ಹೊರಡುವುದಿಲ್ಲ. ರುಮೈಥಿಯಾದ ಕ್ಲಿನಿಕ್ಕಿನಲ್ಲಿ ಅವಳ ಕೆಲಸ ಇದೆ. ಅದಕ್ಕಿಂತ ಹೆಚ್ಚಾಗಿ, ಕ್ಲಿಫರ್ಡನನ್ನು ಒಂಟಿಯಾಗಿ ಬಿಟ್ಟು ಬರಲು ಅವಳಿಗೆ ಮನಸ್ಸಿಲ್ಲ. ಜನವರಿಯಲ್ಲಷ್ಟೇ ಅವನಿಗೆ ಒಂದು ಕಾರ್ ಬಾಡಿಗೆ ಆಫೀಸಿನಲ್ಲಿ ಕೆಲಸ ಸಿಕ್ಕಿ ಸ್ವಂತ ಇಕಾಮಾ ಆಗಿದೆ. ಅವನಿಗೆ ನಮ್ಮ ಊರೆಂದರೆ ಮೇ ತಿಂಗಳ ರಜೆ, ಸೊಳ್ಳೆ, ಹಲಸಿನ ಹಣ್ಣಿನ ವಾಸನೆ. ಅಲ್ಲಿ ಬಂದು ಏನು ಮಾಡಿಯಾನು? ನನ್ನನ್ನು ನೋಡಲು ಅವನು ಬಂದಿಲ್ಲ. ಹೊಸ ಕೆಲಸ, ರಜೆ ಕೇಳುವುದು ಕಷ್ಟ ಎಂದು ಬೆಟ್ಟಿ ಹೇಳಿದಳು. ಇರಬಹುದು.

ಮಂಗಳೂರಿನಲ್ಲಿ ಇಳಿದ ಮೇಲೆ ಬಸ್ಸು ಹಿಡಿದು ಬರುತ್ತೇನೆ, ನೀನು ಏರ್‌ಪೋರ್ಟಿಗೆ ಬರಬೇಡ. ಯಾರಾದರೂ ಕೇಳಿದರೆ ಸೈಡ್ ಭಾಯಿಯ ಕಥೆಯನ್ನೇ ಹೇಳು, ಕೈ ಎತ್ತಿ ಹೇಳು, ನಗಲಿ. ಅತ್ತಿಗೆಯವರ ಆರೋಗ್ಯ ಚೆನ್ನಾಗಿರಲಿ. ನಿನ್ನ ಮೊಮ್ಮಕ್ಕಳಿಗೆ ದೇವರು ಗಟ್ಟಿ ಕಾಲು, ಮೆದು ಮನಸ್ಸು ಕೊಡಲಿ. ಈ ಸಲ ನಿಮ್ಮ ಕಡೆ ಮಳೆ ಹೊತ್ತಿಗೆ ಬರಲಿ.

ಇತಿ ನಿನ್ನ,
ಮಥಾಯಸ್

ತಾ.ಕ. ಅನಂತರಾಮು, ಕಾಗದ ಮಡಚಿ ಆಮೇಲೆ ಬಿಚ್ಚಿದೆ. ಇದನ್ನು ಓದಿದ ಮೇಲೆ ಒಲೆಗೆ ಹಾಕು. ಖಲೀಲನಿಗೆ ತಿಳಿಯದು, ಬೆಟ್ಟಿಗೆ ಎಂದೂ ತಿಳಿಯಬಾರದು.

ಮೇಲಿನ ಕಥೆಯಲ್ಲಿ ಒಬ್ಬನನ್ನು ಬಿಟ್ಟಿದ್ದೇನೆ. ಆ ಬಲೆ ಕ್ಲಿಫರ್ಡ್ ಮತ್ತು ಅವನ ಗೆಳೆಯರದು. ಸಂಜೆಯ ಬಾರ್ಬೆಕ್ಯೂಗೆ ಮೀನು ಬೇಕಿತ್ತಂತೆ. ನಾನು ಬರುವುದನ್ನು ಕಂಡು ಗೆಳೆಯರು ಜಾಗ ಖಾಲಿ ಮಾಡಿದರು, ಇವನು ದಂಡೆಯ ಮೇಲೆ ಕಾರಿಗೆ ಒರಗಿಕೊಂಡು ನಿಂತಿದ್ದ. ಬೈದೆ. ಮತ್ತೆ ಯಾರಾದರೂ ನೋಡುವ ಮೊದಲು ಬಿಚ್ಚಿಬಿಡುತ್ತೇನೆ ಎಂದು ಇಳಿದೆ. ಜೀಪು ಬಂದಾಗ ಅವರು ಮೊದಲು ಕೇಳಿದ್ದು ಅವನನ್ನು. ಆಮೇಲೆ ನನ್ನ ಕಡೆ ತಿರುಗಿ ಸೈದ್ ಎಂದರು. ಆ ಶಬ್ದ ನನಗೆ ಗೊತ್ತಿತ್ತು ಮಾರಾಯ. ಠಾಣೆಯಲ್ಲಿ ಒಬ್ಬ ಹೈದರಾಬಾದಿನವನು ಅದನ್ನೇ ಹಿಂದಿಯಲ್ಲಿ ಬಿಡಿಸಿ ಕೇಳಿದ, ಅಲ್ಲೂ ಹೌದು ಎಂದೆ. ಅದಕ್ಕೆ ನನಗೆ ಬೇಸರ ಇಲ್ಲ, ಇನ್ನೊಮ್ಮೆ ಕೇಳಿದರೂ ಹೌದು ಎನ್ನುತ್ತೇನೆ.

ಆದರೆ ಅವನು ಅವರಿಗೆ ಹೇಳಿದ ಮಾತು ಕಿವಿಯಿಂದ ಹೋಗುತ್ತಿಲ್ಲ. "ಸರ್, ಐ ಡೋಂಟ್ ನೋ ದಿಸ್ ಮ್ಯಾನ್." ಹಾಗೆ ಹೇಳು ಎಂದು ನಾನೇ ಕಣ್ಸನ್ನೆ ಮಾಡಿದ್ದೆ ಎಂದು ನನಗೆ ನಾನೇ ಹೇಳಿಕೊಂಡು ನೋಡಿದೆ. ಇಷ್ಟು ಕಥೆ ಕಟ್ಟಿದವನಿಗೆ ಅದೊಂದನ್ನು ಕಟ್ಟಲು ಆಗುತ್ತಿಲ್ಲ. ನಾನು ಕೆಸರಿನಿಂದ ತಲೆ ಎತ್ತುವ ಮೊದಲೇ ಅವನು ಹೇಳಿಯಾಗಿತ್ತು.