ಬಲಭುಜದಿಂದ ಇಳಿಯುವ ಪಟ್ಟೆ

ಎಜ್‌ವೇರ್, ಲಂಡನ್
೧೦ ಜೂನ್ ೧೯೯೮, ಬುಧವಾರ

ಪ್ರೀತಿಯ ಮಾಳು,

ಆಶೀರ್ವಾದವನ್ನು ಈ ಸಲ ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲು ಜಗಳ.

ಫೋನಿನಲ್ಲೇ ಆಡಬಹುದಿತ್ತು. ಆದರೆ ನಮ್ಮ ಫೋನು ಇರುವುದು ನಿಮ್ಮಪ್ಪ ಕೂರುವ ಕುರ್ಚಿಯ ಪಕ್ಕದಲ್ಲಿ. ಇಂಗ್ಲಿಷಿನಲ್ಲಿ ಬರೆಯಬಹುದಿತ್ತು, ನಿನಗೆ ಓದಲು ಸುಲಭ. ಆದರೆ ಇಂಗ್ಲಿಷಿನಲ್ಲಿ ಬರೆಯಲು ಕೂತರೆ ನಾನು ಕೌನ್ಸಿಲ್‌ಗೆ ಬರೆಯುವ ಕೃಷ್ಣವೇಣಿಯಾಗಿಬಿಡುತ್ತೇನೆ. ಬೀದಿಯ ಕಸದ ಬಗ್ಗೆ, ಅವರು ಮುಚ್ಚಲು ಹೊರಟಿದ್ದ ಲೈಬ್ರರಿಯ ಬಗ್ಗೆ ಬರೆದ ಹಾಗೆ ಸಿಟ್ಟಿಗೆಲ್ಲ ಇಸ್ತ್ರಿ ಹಾಕಿ ಮಡಿಸಿಡುತ್ತೇನೆ. ನಿನ್ನ ಮೇಲಿನ ಸಿಟ್ಟಿಗೆ ಇಸ್ತ್ರಿ ಬೇಡ. ಚಿಕ್ಕವಳಿದ್ದಾಗ ನಿನ್ನನ್ನು ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ ಒತ್ತಕ್ಷರ ತಿದ್ದಿಸಿದ್ದು ಇಂಥ ದಿನಕ್ಕೇ ಇರಬೇಕು. ನಿಧಾನವಾಗಿ ಓದು. ಹ್ಯೂ ಪಕ್ಕದಲ್ಲಿ ಕೂತಿದ್ದರೂ ಪರವಾಗಿಲ್ಲ, ಅವನಿಗೆ ಇದು ಜಿಲೇಬಿಯ ಹಾಗೆ ಕಾಣಿಸುತ್ತದೆ ಅಷ್ಟೆ.

ಹ್ಯೂನನ್ನು ನೀನು ಮದುವೆಯಾಗುವ ಬಗ್ಗೆ ನಮ್ಮ ತಕರಾರಿಲ್ಲ, ಅದು ಮುಗಿದ ಮಾತು. ಒಳ್ಳೆಯ ಹುಡುಗ. ನಮ್ಮ ಮನೆಗೆ ಬಂದರೆ ಹೇಳದೆಯೇ ಶೂ ಬಿಚ್ಚುತ್ತಾನೆ, ಹುಳಿಯನ್ನು ಕೇಳಿ ಹಾಕಿಸಿಕೊಳ್ಳುತ್ತಾನೆ. ಅವರಪ್ಪ ಮೇಜರ್ ಸಾಹೇಬರೂ ಕೆಟ್ಟವರಲ್ಲ. ನನ್ನ ಜಗಳ ಅವರ ಜೊತೆ ಇದ್ದಿದ್ದರೆ ಅವರಿಗೇ ಬರೆಯುತ್ತಿದ್ದೆ, ನನಗೇನು ಭಯವೇ?

ಕಳೆದ ತಿಂಗಳು ರಿಚ್ಮಂಡ್‌ನ ಅವರ ಮನೆಗೆ ನಮ್ಮನ್ನು ಮೊದಲ ಸಲ ಊಟಕ್ಕೆ ಕರೆದರಲ್ಲ, ಅಂದು ನಿಮ್ಮಪ್ಪ ಎಂದಿನಂತೆ ತಯಾರಾದರು. ನೀಲಿ ಬ್ಲೇಜರು, ಕಾಲರಿನ ತುದಿಗೆ ಎರಡು ಪುಟ್ಟ ಗುಂಡಿಗಳಿರುವ ಬಿಳಿ ಅಂಗಿ, ಕಡುಹಸಿರಿನ ಮೇಲೆ ಚಿನ್ನದ ಬಣ್ಣದ ಪಟ್ಟೆಯ ಆ ಟೈ. ನಮ್ಮನ್ನು ಕರೆದೊಯ್ಯಲು ಬಂದ ನೀನು ಕಾರಿನಲ್ಲಿ ಅವರನ್ನು ನೋಡಿ, ಅಪ್ಪ, ಇವತ್ತು ಗಂಟು ಎಷ್ಟು ನೆಟ್ಟಗೆ ಕೂತಿದೆ ಅಂತ ಹೊಗಳಿದೆ. ಅವರು ಕಿಟಕಿಯ ಕಡೆ ತಿರುಗಿದರು.

ಮೇಜರರು ಷೆರಿ ವೈನಿನ ಗ್ಲಾಸು ಹಿಡಿದುಕೊಂಡು ಬಂದವರೇ ಆ ಟೈ ನೋಡಿದರು. ಅವರ ರೆಜಿಮೆಂಟಿನ ಬಣ್ಣವೂ ಅವೇ ಎರಡಂತೆ. ಡಾಕ್ಟರ್, ನೀವು ಯಾವ ಬೆಟಾಲಿಯನ್ನಿನಲ್ಲಿದ್ದಿರಿ ಅಂತ ಕೇಳಿದರು. ಕೇಳಿದ್ದು ನಗುನಗುತ್ತಲೇ, ಆದರೆ ಕಣ್ಣು ನಗುತ್ತಿರಲಿಲ್ಲ. ನಿಮ್ಮಪ್ಪ ಶಾಂತವಾಗಿ, ನಾನು ಸೈನ್ಯದಲ್ಲಿರಲಿಲ್ಲ ಮೇಜರ್, ಇದು ಅಮೆರಿಕದ್ದು, ಪಟ್ಟೆ ಇಳಿಯುವ ದಿಕ್ಕು ಗಮನಿಸಿದರೆ, ಅಂತ ಶುರು ಮಾಡಿದ್ದರು. ಆಗ ನೀನು ನಕ್ಕು ಮಧ್ಯೆ ಬಾಯಿ ಹಾಕಿದೆ. ಅಯ್ಯೋ, ಅದಾ, ಅಪ್ಪ ವೆಂಬ್ಲಿಯ ಸಂತೆಯಲ್ಲಿ ಬಣ್ಣ ಚೆನ್ನಾಗಿದೆ ಅಂತ ಎತ್ತಿಕೊಂಡಿದ್ದು, ಅವರಿಗೆ ಇವೆಲ್ಲ ಏನು ಗೊತ್ತು, ಅಂದೆ.

ಎಲ್ಲರೂ ನಕ್ಕರು. ಮೇಜರರು ನಿಮ್ಮಪ್ಪನ ಬೆನ್ನು ತಟ್ಟಿ, ಪರವಾಗಿಲ್ಲ ಬಿಡಿ ಅಂದರು. ಅಂದರೆ ಕ್ಷಮಿಸಿದರು! ಮಾಡದ ತಪ್ಪಿಗೆ. ಆಮೇಲೆ ಸೂಪು ಬಂತು. ನಿಮ್ಮಪ್ಪ ಬೇಡ ಅಂದರು.

ಅವರಿಗೆ ಇವೆಲ್ಲ ಏನು ಗೊತ್ತು ಅಂದೆಯಲ್ಲ, ಏನು ಗೊತ್ತು ಅಂತ ಕೇಳು.

ಅರುವತ್ತೇಳರಲ್ಲಿ ಕನೆಕ್ಟಿಕಟ್‌ನ ಒಂದು ಕಾಲೇಜು ಊರಿಗೆ ಕಣ್ಣಿನ ಚಿಕಿತ್ಸೆ ಕಲಿಯಲು ಹೋದಾಗ ಅವರ ಮೈಮೇಲಿದ್ದದ್ದು ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಹೊಲಿಸಿದ ಸೂಟು. ವಿದೇಶಕ್ಕೆ ಹೋಗುವವರು ಗಂಭೀರವಾಗಿ ಕಾಣಲಿ ಅಂತ ದರ್ಜಿ ಭುಜಕ್ಕೆ ಹತ್ತಿ ತುಂಬಿದ್ದ. ಮೊದಲ ವಾರ ಅವರ ಪ್ರೊಫೆಸರು ಆ ಭುಜವನ್ನು ಒತ್ತಿ ನೋಡಿ, ನಿನಗೆ ನಿನ್ನದೇ ಭುಜ ಇದೆಯಲ್ಲಪ್ಪ, ಇನ್ನೊಂದು ಯಾಕೆ ಅಂತ ಕೇಳಿದರಂತೆ. ಕೇಳಿ ಸುಮ್ಮನಾಗಲಿಲ್ಲ, ಕಾಲೇಜಿನ ಎದುರಿನ ಅಂಗಡಿಗೆ ತಾವೇ ಕರೆದುಕೊಂಡು ಹೋದರು. ಅಲ್ಲಿ ಕಲಿತದ್ದನ್ನು ನಿಮ್ಮಪ್ಪ ಇವತ್ತಿಗೂ ಬಿಟ್ಟಿಲ್ಲ. ಕೋಟಿಗೆ ಮೂರು ಗುಂಡಿಯಿದ್ದರೂ ಹಾಕುವುದು ನಡುವಿನದೊಂದೇ. ಕಾಲರಿಗೆ ಗಂಜಿ ಕೂಡದು, ಅದು ತಾನೇ ಬಾಗಿ ಗುಂಡಿಯ ಮೇಲೆ ಕೂರಬೇಕು. ಅಂಚು ಸವೆದ ಕಾಲರಿಗೆ ನಾಚಬೇಕಿಲ್ಲ, ಹೊಸದಾಗಿ ಹೊಳೆಯುವುದಕ್ಕೇ ನಾಚಬೇಕು. ಮದುವೆಯಾದ ಹೊಸದರಲ್ಲಿ ನಾನು ಅಂಥ ಒಂದು ಸವೆದ ಅಂಗಿಯನ್ನು ನೆಲ ಒರೆಸಲು ಹರಿದುಬಿಟ್ಟಿದ್ದೆ. ಎರಡು ದಿನ ಮಾತಿಲ್ಲ.

ಇನ್ನು ಟೈ. ಇದನ್ನು ಅವರ ಬಾಯಲ್ಲಿ ಕೇಳಿದ್ದಷ್ಟೇ ಅಲ್ಲ, ಲೈಬ್ರರಿಯಲ್ಲಿ ಕೆಲಸಕ್ಕಿದ್ದಾಗ ಪುಸ್ತಕ ತೆಗೆದು ಓದಿಯೂ ನೋಡಿದ್ದೇನೆ. ಈ ದೇಶದಲ್ಲಿ ಪಟ್ಟೆಯ ಟೈ ಅಂದರೆ ಬರೀ ಬಟ್ಟೆಯಲ್ಲ. ಇಂಥ ಶಾಲೆ, ಇಂಥ ರೆಜಿಮೆಂಟು, ಇಂಥ ಕ್ಲಬ್ಬು ಅಂತ ಹೇಳುವ ಗುರುತು. ಹಕ್ಕಿಲ್ಲದವನು ಅದನ್ನು ಕಟ್ಟಿದರೆ ಬೇರೆಯವರ ಪದಕ ಚುಚ್ಚಿಕೊಂಡ ಹಾಗೆ. ಅಮೆರಿಕದವರಿಗೆ ಈ ಟೈ ಇಷ್ಟವಾಯಿತು. ಆದರೆ ತಮ್ಮದಲ್ಲದ ಗುರುತನ್ನು ತಮ್ಮದು ಅನ್ನಬಾರದಲ್ಲ? ಅದಕ್ಕೆ ಪಟ್ಟೆಯನ್ನೇ ತಿರುಗಿಸಿಕೊಂಡರು. ಇಲ್ಲಿಯವರದು ಎಡಭುಜದಿಂದ ಬಲಕ್ಕೆ ಇಳಿದರೆ ಅಲ್ಲಿಯವರದು ಬಲಭುಜದಿಂದ ಎಡಕ್ಕೆ. ನಾನು ನಿಮ್ಮವನೆಂದು ಹೇಳಿಕೊಳ್ಳುತ್ತಿಲ್ಲ ಅಂತ ದೂರದಿಂದಲೇ ತಿಳಿಸುವ ಮರ್ಯಾದೆ ಅದು. ಮೇಜರರಿಗೆ ನಿಮ್ಮಪ್ಪ ಹೇಳಹೊರಟಿದ್ದು ಆ ಮರ್ಯಾದೆಯ ಮಾತನ್ನು. ನೀನು ಅದನ್ನು ಸಂತೆಯ ಸರಕು ಮಾಡಿದೆ.

ಇದನ್ನೆಲ್ಲ ವೆಂಬ್ಲಿಯ ಪ್ರಭಾ ಹತ್ತಿರ ಹೇಳಿಕೊಂಡೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ. ನಿನಗೆ ಗೊತ್ತಲ್ಲ ಅವಳ ಧಾರವಾಡದ ಬಾಯಿ. ಪಟ್ಟಿ ಯಾ ಕಡಿ ಇಳದ್ರೇನವಾ ಕೃಷ್ಣವೇಣಿ, ಕುತ್ತಿಗಿ ಹಿಚಕೂದು ಎರಡೂ ಒಂದ ನಮೂನಿ, ಅಂದಳು. ನಕ್ಕೆ. ಮನೆಗೆ ಬಂದ ಮೇಲೆ ಆ ನಗು ಉಳಿಯಲಿಲ್ಲ.

ಎಪ್ಪತ್ನಾಲ್ಕರದು ನಿನಗೆ ಹೇಳಿಲ್ಲ. ನೀನಾಗ ತೊಡೆಯ ಮೇಲಿನ ಮಗು. ನಿಮ್ಮಪ್ಪ ಇಲ್ಲಿಯ ಆಸ್ಪತ್ರೆಯೊಂದರ ದೊಡ್ಡ ಹುದ್ದೆಗೆ ಸಂದರ್ಶನಕ್ಕೆ ಹೋಗಿದ್ದರು. ಎದುರು ಕೂತವರಲ್ಲಿ ಒಬ್ಬ ಕಾಲರಿನ ಗುಂಡಿ ತೋರಿಸಿ, ಡಾಕ್ಟರು ಆಟದ ಮೈದಾನದಿಂದ ನೇರ ಬಂದ ಹಾಗಿದೆ ಅಂದನಂತೆ. ಇಲ್ಲಿಯವರ ಕಣ್ಣಿಗೆ ಗುಂಡಿಯ ಕಾಲರು ಆಟದ ಉಡುಪು. ಉಳಿದವರು ನಕ್ಕರು. ಹುದ್ದೆ ಸಿಗಲಿಲ್ಲ. ಕಾಲರಿನಿಂದಲೇ ಸಿಗಲಿಲ್ಲ ಅಂತ ನಾನು ಹೇಳುವುದಿಲ್ಲ, ನಿಮ್ಮಪ್ಪನೂ ಹೇಳಲಿಲ್ಲ. ಒಂದು ಸಾದಾ ಕಾಲರಿನ ಅಂಗಿ ತಂದುಕೊಳ್ಳಿ ಅಂತ ನಾನೇ ಹೇಳಿದೆ. ಮರುದಿನ ಬೆಳಿಗ್ಗೆ ಅವರು ಗುಂಡಿಯ ಕಾಲರಿನ ಅಂಗಿಯನ್ನೇ ಹಾಕಿಕೊಂಡು ಕೆಲಸಕ್ಕೆ ಹೋದರು. ಅದರ ಮರುದಿನವೂ. ಇಪ್ಪತ್ತನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಒಂದು ಮಾತೂ ಆಡದೆ ಅವರು ಆಡುತ್ತಾ ಬಂದ ಜಗಳ ಅದು.

ಅಂದು ನಕ್ಕವರು ಯಾರೋ ಪರಕೀಯರು ಮಾಳು. ರಿಚ್ಮಂಡ್‌ನಲ್ಲಿ ನಗಿಸಿದ್ದು ನೀನು.

ಅದನ್ನೂ ನುಂಗಿಕೊಳ್ಳುತ್ತಿದ್ದೆ. ಹೊಸ ಜನ, ಗಾಬರಿಯಾಗಿ ಬಾಯಿತಪ್ಪಿ ಅಂದಳು ಅಂತ ನಿಮ್ಮಪ್ಪ ನಿನ್ನ ಪರ ವಾದಿಸಿದರು. ಆದರೆ ಹೋದ ಗುರುವಾರ ನೀನು ಮಾಡಿದ ಫೋನು ಗಾಬರಿಯದಲ್ಲ, ಯೋಚಿಸಿ ಮಾಡಿದ್ದು. ಮದುವೆಗೆ ಮೇಜರರ ಹಳೆಯ ಸಂಗಾತಿಗಳೆಲ್ಲ ಬರುತ್ತಾರೆ, ಆ ಟೈ ಬೇಡ ಅಂತ ಹ್ಯೂನ ತಾಯಿ ಮೆಲ್ಲಗೆ ಸೂಚಿಸಿದರು ಅಂದೆ. ಅಷ್ಟಕ್ಕೆ ಬಿಡಲಿಲ್ಲ. ಅಪ್ಪ ಊಟ ಮುಗಿಯುವವರೆಗೂ ಆ ಟೈಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರಮ್ಮಾ, ಎಲ್ಲರೂ ನೋಡಲಿ ಅನ್ನೋ ಹಾಗೆ, ನನಗೆ ಎಷ್ಟು ಮುಜುಗರವಾಯಿತು ಅಂದೆ. ಬದಲಿಗೆ ರೇಷ್ಮೆ ಪಂಚೆ, ಜುಬ್ಬಾ, ಜರಿ ಶಾಲು, ತಲೆಗೆ ಪೇಟ. ಸೌತ್‌ಹಾಲ್‌ನಲ್ಲಿ ಸಿಗದಿದ್ದರೆ ಮೈಸೂರಿನಿಂದ ತರಿಸೋಣ, ಫೋಟೋದಲ್ಲಿ ಎಷ್ಟು ಚೆನ್ನಾಗಿರುತ್ತೆ, ಅವರಿಗೆಲ್ಲ ತುಂಬಾ ಇಷ್ಟವಾಗುತ್ತೆ!

ನಿಮ್ಮಪ್ಪನ ತಲೆಯ ಮೇಲೆ ಪೇಟವನ್ನು ನೀನು ಎಂದಾದರೂ ನೋಡಿದ್ದೀಯಾ? ನಾನು ನೋಡಿದ್ದು ಒಂದೇ ಸಲ, ನಮ್ಮ ಮದುವೆಯಲ್ಲಿ. ಅದು ನನ್ನ ಸೋದರಮಾವನದು, ಕಿವಿಯವರೆಗೆ ಇಳಿದುಬಂದಿತ್ತು. ಪಂಚೆ ನಮ್ಮದಲ್ಲ ಅಂತ ನಾನು ಹೇಳುತ್ತಿಲ್ಲ. ಹಬ್ಬದ ದಿನ ಉಡುತ್ತಾರೆ, ಚೆಂದ ಕಾಣುತ್ತಾರೆ. ಅವರಾಗಿ ಆರಿಸಿ ಉಟ್ಟಿದ್ದರೆ ನನಗೂ ಹೆಮ್ಮೆ. ಆದರೆ ಇಲ್ಲಿ ಆರಿಸಿದವರು ಯಾರು? ಮೈಸೂರಿನ ಬೊಂಬೆಯಾಗಿ ಬಂದರೆ ಎಲ್ಲರಿಗೂ ಸಂತೋಷ. ತಾವು ಓದಿದ ಊರಿನ ರೀತಿಯಲ್ಲಿ, ಬದುಕಿಡೀ ಹೇಗಿದ್ದರೋ ಹಾಗೇ ಬಂದರೆ ಮಾತ್ರ ಇವರೇನೋ ಕದ್ದು ಹಾಕಿಕೊಂಡಿದ್ದಾರೆ ಅನ್ನಿಸುತ್ತದೆ. ನೀನು ವಕೀಲಳು, ಇದರಲ್ಲಿ ನ್ಯಾಯ ಎಲ್ಲಿದೆ ತೋರಿಸು.

ಆಮೇಲೆ ಅಪ್ಪನಿಗೆ ಕೊಡು ಅಂದೆ, ಕೊಟ್ಟೆ. ಹುಳಿಯ ಸೌಟು ಹಿಡಿದುಕೊಂಡು ಅಲ್ಲೇ ನಿಂತಿದ್ದೆ, ಇವರು ಇಲ್ಲ ಅನ್ನುತ್ತಾರೆ ಅಂತ ಕಾದು. ಇವರು, ಆಗಲಿ ಪುಟ್ಟಾ, ನೀನು ಹೇಳಿದ್ದನ್ನೇ ಹಾಕಿಕೊಳ್ಳುತ್ತೇನೆ ಅಂದರು. ಕೇಳಿದ್ದು ಒಂದೇ, ಶಾಲು ಇರುತ್ತೆ ತಾನೆ, ಅಂತ. ಜುಲೈ ತಿಂಗಳ ಸೆಖೆಯಲ್ಲಿ ಶಾಲೇ, ಅಪ್ಪ ಆಗಲೇ ಪಾತ್ರದೊಳಗೆ ಹೋಗಿಬಿಟ್ಟಿದ್ದಾರೆ ಅಂತ ನೀನು ನಕ್ಕಿದ್ದು ನನಗೆ ಇತ್ತಲಿಂದಲೂ ಕೇಳಿಸಿತು.

ಇಪ್ಪತ್ತನಾಲ್ಕು ವರ್ಷದ ಜಗಳವನ್ನು ಅವರು ಅಷ್ಟು ಸುಲಭವಾಗಿ ಕೈಬಿಟ್ಟರು. ಯಾಕೆ ಅಂತ ನನಗೆ ಗೊತ್ತು. ಬರೆಯುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ, ಬರೆಯುವುದಿಲ್ಲ.

ಟೈಯನ್ನು ಸುತ್ತಿ ಡ್ರಾಯರಿನಲ್ಲಿ ಇಟ್ಟಿದ್ದಾರೆ. ಮೂಲೆಯಂಗಡಿಗೆ ಹಾಲು ತರಲು ಹೋಗುವಾಗಲೂ ಟೈ ಕಟ್ಟುತ್ತಿದ್ದವರು ಈಗ ಬರೀ ಸ್ವೆಟರಿನಲ್ಲಿ ಹೋಗಿ ಬರುತ್ತಾರೆ. ಹೊಸ ಮ್ಯಾನೇಜರುಗಳ ಕಾಟ ಸಾಕಾಯಿತು ಅಂತ ಮಾರ್ಚಿನಲ್ಲಿ ಕೆಲಸ ಬಿಟ್ಟರಲ್ಲ, ಆಗಲೂ ಇಷ್ಟು ಮಂಕಾಗಿರಲಿಲ್ಲ.

ನಿನಗೆ ಹನ್ನೊಂದು ತುಂಬಿದಾಗ, ಹೊಸ ಶಾಲೆಯ ಮೊದಲ ದಿನ ನೆನಪಿದೆಯೇ? ಶಾಲೆಯ ಟೈ ಕಟ್ಟಲು ಬಾರದೆ ಅಳುತ್ತಿದ್ದೆ. ನಿಮ್ಮಪ್ಪ ಕನ್ನಡಿಯ ಮುಂದೆ ನಿನ್ನ ಹಿಂದೆ ಮಂಡಿಯೂರಿ, ನಿನ್ನ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದು ಕಲಿಸಿದರು. ಗಂಟು ಯಾವಾಗಲೂ ಒಂದಿಷ್ಟು ವಾರೆ ಇರಬೇಕು ಪುಟ್ಟಾ, ಪೂರ್ತಿ ನೆಟ್ಟಗಿರುವ ಗಂಟು ಅಂಗಡಿಯ ಬೊಂಬೆಗೆ, ಮನುಷ್ಯರಿಗಲ್ಲ, ಅಂದಿದ್ದರು. ನಾನು ಬಾಗಿಲಲ್ಲಿ ನಿಂತು ನಿಮ್ಮಿಬ್ಬರ ಹುಚ್ಚಿಗೆ ನಕ್ಕಿದ್ದೆ.

ನನಗೆ ಬೇಕಾದ್ದು ಇಷ್ಟು. ಈ ಶನಿವಾರ ಮನೆಗೆ ಬಾ, ಒಬ್ಬಳೇ. ಆ ಟೈ ಕಟ್ಟಿಕೊಂಡೇ ನನ್ನ ಮದುವೆಗೆ ಬನ್ನಿ ಅಂತ ಅಪ್ಪನಿಗೆ ನೀನೇ ಹೇಳು. ನಾನು ಹೇಳಿದರೆ ಕೇಳುವುದಿಲ್ಲ. ವೆಂಬ್ಲಿಯ ಸಂತೆಯ ಮಾತು ಸುಳ್ಳು ಅಂತ ಮೇಜರರಿಗೂ ನೀನೇ ಹೇಳು. ಅವರು ಸೈನಿಕರು, ಯಾವ ಪಟ್ಟೆ ಯಾವ ಕಡೆ ಇಳಿಯುತ್ತದೆ ಅಂತ ಒಂದು ಸಲ ತೋರಿಸಿದರೆ ಸಾಕು, ಅರ್ಥವಾಗುತ್ತದೆ. ನೀನು ಬಾರದಿದ್ದರೆ ಅಪ್ಪ ಪೇಟ ಇಟ್ಟುಕೊಂಡು ಬರುತ್ತಾರೆ, ನಗುತ್ತಾರೆ ಕೂಡ. ನಾನೂ ಬರುತ್ತೇನೆ. ಆದರೆ ಆ ಫೋಟೋದಲ್ಲಿ ನಿಲ್ಲುವುದಿಲ್ಲ.

ಈಗ ಆಶೀರ್ವಾದ. ನೀನು ಕಟ್ಟಿಕೊಳ್ಳುವ ಮನೆಯಲ್ಲಿ ಯಾರೂ ಯಾರನ್ನೂ ಬೇರೆಯವರ ಕಣ್ಣಿಗೆ ಒಪ್ಪುವ ಹಾಗೆ ತಿದ್ದಿ ನಿಲ್ಲಿಸದಿರಲಿ. ಚೆನ್ನಾಗಿರು.

ನಿನ್ನ ಮೇಲೆ ಇನ್ನೂ ಸಿಟ್ಟಿರುವ
ಅಮ್ಮ,
ಕೃಷ್ಣವೇಣಿ

ತಾ. ಕ.: ಲಕೋಟೆ ಅಂಟಿಸಿ ಅಂಚೆ ಡಬ್ಬದವರೆಗೆ ಹೋಗಿದ್ದೆ. ಹಾಕಲು ಕೈ ಬರಲಿಲ್ಲ. ವಾಪಸು ಬಂದು ಕೆಟಲಿನ ಹಬೆಗೆ ಹಿಡಿದು ಬಿಡಿಸಿದ್ದೇನೆ. ಕೊಟ್ಟ ಮಾತು ಮುರಿಯುತ್ತಿದ್ದೇನೆ, ಅವರಿಗೆ ಗೊತ್ತಾದರೆ ಗೊತ್ತಾಗಲಿ.

ನಿಮ್ಮಪ್ಪನ ಬಲಗೈ ನಡುಗುತ್ತದೆ ಮಾಳು. ಹೋದ ದೀಪಾವಳಿಯ ಹೊತ್ತಿಗೆ ಶುರುವಾಯಿತು. ಪಾರ್ಕಿನ್ಸನ್ಸ್ ಕಾಯಿಲೆ ಅಂದಿದ್ದಾರೆ. ಕೆಲಸ ಬಿಟ್ಟದ್ದು ಅದಕ್ಕೇ. ಇನ್ನೊಬ್ಬರ ಕಣ್ಣಿಗೆ ಈ ಕೈ ತಾಗಿಸಲಾರೆ ಅಂದರು. ನಿನ್ನ ಮದುವೆ ಮುಗಿಯುವವರೆಗೆ ನಿನಗೆ ತಿಳಿಯಬಾರದು ಅಂತ ಅವರ ಹಟ. ರಿಚ್ಮಂಡ್‌ನಲ್ಲಿ ಟೈ ಹಿಡಿದುಕೊಂಡೇ ಇದ್ದದ್ದು ಯಾರಿಗೂ ತೋರಿಸಲು ಅಲ್ಲ, ಏನನ್ನಾದರೂ ಹಿಡಿದಿದ್ದರೆ ಕೈ ನಿಲ್ಲುತ್ತದೆ. ಸೂಪು ಬೇಡ ಅಂದದ್ದು ಚಮಚೆಯ ಭಯಕ್ಕೆ. ಶಾಲು ಕೇಳಿದ್ದು ಅದರಡಿ ಕೈ ಮುಚ್ಚಿಕೊಂಡು ನಿನ್ನ ಪಕ್ಕ ನಿಲ್ಲಬಹುದು ಅಂತ.

ಕಾಲರಿನ ಆ ಎರಡು ಪುಟ್ಟ ಗುಂಡಿಗಳು ಈಗ ಅವರ ಬೆರಳಿಗೆ ಸಿಗುವುದಿಲ್ಲ. ಬೆಳಿಗ್ಗೆ ನಾನೇ ಹಾಕುತ್ತಿದ್ದೆ. ಟೈಯನ್ನೂ ನಾನೇ ಕಟ್ಟುತ್ತಿದ್ದೆ. ಕಾರಿನಲ್ಲಿ ನೀನು ಹೊಗಳಿದ್ದು ನನ್ನ ಗಂಟನ್ನು. ನಾನು ಎಷ್ಟು ಹೆಣಗಿದರೂ ಅದು ನೆಟ್ಟಗೇ ಕೂರುತ್ತದೆ. ವಾರೆ ಗಂಟನ್ನು ಅವರು ಕಲಿಸಿರುವುದು ನಿನಗೊಬ್ಬಳಿಗೇ.