ಟಗ್ ಬೋಟಿನ ಸೀಟಿ

೧೪ ನವೆಂಬರ್ ೨೦೧೯, ಗುರುವಾರ

ಅಪ್ಪನನ್ನು ಇವತ್ತು ಕರೆದುಕೊಂಡು ಹೋಗಲೇಬಾರದಿತ್ತು.

ಅವರು ಹದಿನೆಂಟು ವರ್ಷ ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದ, ಹಡಗುಗಳನ್ನು ಎಳೆಯುವ ಹಳೆಯ ಉಗಿ ಟಗ್ ಬೋಟನ್ನು ಯಾರೋ ಒಡೆದು, ಅದರ ಸೀಟಿಯನ್ನು ಬಿ.ಸಿ. ರೋಡಿನ ಗುಜರಿಗೆ ತಂದಿದ್ದಾರೆಂದು ಕೇಳಿದ್ದೆ. ಅಪ್ಪನ ಕಣ್ಣು ಹೋದದ್ದು ಅದೇ ಬೋಟಿನ ಬೆಂಕಿಯಲ್ಲಿ. ಹೋಗಿ ನೋಡಿದರೆ ಸೀಟಿ ನಿನ್ನೆಯೇ ಕರಗಿಸಲು ಹೋಗಿತ್ತು. ಅಪ್ಪನಿಗೆ ಯಾರೂ ಹೇಳಲಿಲ್ಲ.

"ಒಮ್ಮೆ ಗಾಳಿ ಬಿಟ್ಟು ಊದಿಸಿ ಮಾರಾಯ್ರೆ," ಎಂದರು ಅಪ್ಪ.

ಗುಜರಿಯ ಸುಧಾಕರ ನನಗೆ ಕಣ್ಣು ಹೊಡೆದು ಲಾರಿಯ ಹಾರ್ನ್ ಒತ್ತಿಸಿದ. ಅಪ್ಪ ಎದ್ದು ನಿಂತು ಕೈಮುಗಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ರಿಕ್ಷಾದಲ್ಲಿ ಅಪ್ಪ ಹೇಳಿದರು: "ಅದು ಲಾರಿ ಅಂತ ಗೊತ್ತಾಯ್ತು ಕಾಂತಿ. ನಿನಗೆ ಬೇಜಾರಾಗುವುದು ಬೇಡ ಅಂತ ಕೈಮುಗಿದೆ. ಆಮೇಲೆ ನೀನು ನಗುವುದು ಕೇಳಿತು."

ಇಳಿಯುವಾಗ ಅವರು ನನ್ನ ಕೈ ಹಿಡಿಯಲಿಲ್ಲ.