ಅಟ್ಟದ ಆಚೆ ಮೂಲೆ

ಡುಲುತ್, ನವೆಂಬರ್ ೧೪

ಮಾನ್ಯ ಗ್ರಾನ್‌ಕ್ವಿಸ್ಟ್ ಅವರೇ,

ನೀವು ಕಟ್ಟಿ ಮಾರಿದ ಹೊಸ ಮನೆಯಲ್ಲಿ ನನ್ನ ತಾಯಿ ಕೋಟು ಹಾಕಿಕೊಂಡೇ ಊಟ ಮಾಡುತ್ತಿದ್ದರು. ಮೂರು ಸಲ ಫೋನ್ ಮಾಡಿದಾಗಲೂ ನೀವು ಹೇಳಿದ್ದು ಒಂದೇ: "ವಯಸ್ಸಾದವ್ರಿಗೆ ಚಳಿ ಜಾಸ್ತಿ ಕಣಮ್ಮ. ಅಟ್ಟದ ತುಂಬಾ ಚಳಿ ತಡೆಯೋ ಗಾಜುನಾರಿನ ಹಾಸು ಹಾಕ್ಸಿದೀನಿ."

ಶನಿವಾರ ನಾನೇ ಏಣಿ ಹತ್ತಿ ನೋಡಿದೆ. ಹಾಸು ಇದ್ದದ್ದು ಅಟ್ಟದ ಬಾಗಿಲ ಸುತ್ತ ಮಾತ್ರ, ತಲೆ ತೂರಿಸಿ ಇಣುಕಿದವರ ಕಣ್ಣಿಗೆ ಬೀಳುವಷ್ಟು. ಅದರಾಚೆ ಬರೀ ಹಲಗೆ. ಮಾಡಿನಿಂದ ಇಳಿದ ಮೊಳೆಗಳ ತುದಿಯಲ್ಲಿ ಹಿಮ ಕಟ್ಟಿತ್ತು.

ಎರಡು ದಿನ ಮಂಡಿಯೂರಿ ತೆವಳುತ್ತ, ಮೈಯೆಲ್ಲ ತುರಿಸಿಕೊಳ್ಳುತ್ತ, ಸಂದುಗಳನ್ನು ಮುಚ್ಚಿ ಕೊನೆಯ ಮೂಲೆಯವರೆಗೂ ಹಾಸು ಹಾಸಿದೆ. ಅಮ್ಮ ಕೆಳಗೆ ಏಣಿ ಹಿಡಿದುಕೊಂಡು, "ಸಾಕು ಇಳಿದು ಬಾರೇ ಮಾರ್ಲಿಸ್, ನಾನು ಕೋಟಲ್ಲೇ ಇರ್ತೀನಿ" ಅನ್ನುತ್ತಿದ್ದರು. ಮಂಗಳವಾರ ಅವರು ಕೋಟು ಕಳಚಿಟ್ಟರು. ಅವರ ವಯಸ್ಸೇನೂ ಇಳಿದಿರಲಿಲ್ಲ.

ನಾನು ಪರಿಹಾರ ಕೇಳುತ್ತಿಲ್ಲ. ಪಕ್ಕದ ಮನೆಯನ್ನೂ ನೀವೇ ಕಟ್ಟಿದ್ದೀರಿ. ಸೋಮವಾರ ಅಲ್ಲಿಗೆ ಗಂಡಹೆಂಡತಿ ಎರಡು ವಾರದ ಕೂಸನ್ನು ಎತ್ತಿಕೊಂಡು ಬರುತ್ತಿದ್ದಾರೆ. ಅಷ್ಟರೊಳಗೆ ಆ ಅಟ್ಟದ ಕೆಲಸ ಮುಗಿಸಿ. ಇಲ್ಲವಾದರೆ ಕೂಸನ್ನು ಅಮ್ಮನ ಮಡಿಲಿಗೆ ಕೊಟ್ಟು, ಆ ಗಂಡಹೆಂಡತಿಯನ್ನು ನಾನೇ ಏಣಿ ಹತ್ತಿಸಿ ಅಟ್ಟದ ಆಚೆ ಮೂಲೆ ತೋರಿಸುತ್ತೇನೆ.

ಇಂತಿ,
ಮಾರ್ಲಿಸ್ ಟೋಲೆಫ್ಸನ್